ರಾತ್ರಿ ಮಾತ್ರ ಕಡಿಯುತ್ತಿದ್ದ ಸಂಪರ್ಕ: ಸಕಲೇಶಪುರ ಸೀಮೆಯ ಒಂದು ಮೋಡೆಮ್ ಪ್ರಕರಣ

ಸಕಲೇಶಪುರದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕಾಲದ ಪ್ರಕರಣ ಇದು. 2003ರ ಜುಲೈ. ಹೆತ್ತೂರು-ಯಸಳೂರು ಕಡೆಯ ಒಬ್ಬ ಕಾಫಿ ಬೆಳೆಗಾರರು, ಗೌಡರು, ಕೊಡೆ ಮಡಚಿ ಒಳಗೆ ಬಂದವರೇ ಜೇಬಿನಿಂದ ಟೆಲಿಫೋನ್ ಬಿಲ್ಲು ತೆಗೆದು ಮೇಜಿನ ಮೇಲಿಟ್ಟರು. ಕಂಪ್ಯೂಟರಿನ ಮಾತೇ ಇಲ್ಲ. "ನಾವು ಇಷ್ಟು ಮಾತಾಡೇ ಇಲ್ಲ. ಕರೆ ಎಣಿಕೆ ನೋಡಿ" ಅಂದರು. ಹಿಂದಿನ ಬಿಲ್ಲಿಗಿಂತ ಎಣಿಕೆ ಎರಡು ಪಟ್ಟಿಗೂ ಮೇಲಿತ್ತು.

ರಾತ್ರಿ ಇಂಟರ್‌ನೆಟ್‌ಗೆ ಎಷ್ಟು ಸಲ ಡಯಲ್ ಮಾಡುತ್ತೀರಿ ಎಂದು ಕೇಳಿದೆ. ಆಗ ಇಂಟರ್‌ನೆಟ್ ಫೋನ್ ತಂತಿಯಲ್ಲೇ ಬರುತ್ತಿತ್ತು; ಕಂಪ್ಯೂಟರಿಗೆ ಜೋಡಿಸಿದ ಮೋಡೆಮ್ ಎಂಬ ಯಂತ್ರ ನೆಟ್ ಕೊಡುವವರ ಮೋಡೆಮ್‌ಗೆ ಫೋನ್ ಮಾಡಿ ಸಂಪರ್ಕ ಪಡೆಯಬೇಕಿತ್ತು. "ಬೆಳಗ್ಗೆ ಮಾಡಿದ್ರೆ ಒಂದೇ ಸಲಕ್ಕೆ ಸಿಕ್ತದೆ. ರಾತ್ರಿ ಎಂಟು-ಹತ್ತು ಸಲ ಕೂಗಿಸಿದ್ರೂ ನಿಲ್ಲಲ್ಲ" ಅಂದರು. ಬಿಲ್ಲಿನ ವಿಷಯ ಅಲ್ಲೇ ತಿಳಿಯಿತು. ಆಚೆ ತುದಿಯ ಮೋಡೆಮ್ ಕರೆ ಎತ್ತಿಕೊಂಡ ಕ್ಷಣಕ್ಕೇ ಎಕ್ಸ್‌ಚೇಂಜಿನ ಮೀಟರು ಒಂದು ಕರೆ ಬರೆದುಕೊಳ್ಳುತ್ತಿತ್ತು. ಎರಡು ಮೋಡೆಮ್‌ಗಳ ನಡುವೆ ಮಾತು ಕೂಡಿತೋ ಇಲ್ಲವೋ ಅದಕ್ಕೆ ಸಂಬಂಧವಿರಲಿಲ್ಲ. ಕೂಡದ ಎಂಟು ಕರೆಗೂ ಅವರು ದುಡ್ಡು ಕಟ್ಟುತ್ತಿದ್ದರು.

ಅವರು ನೆಟ್ ಹಾಕುತ್ತಿದ್ದುದು ಕಾಫಿ ಬೆಲೆ ನೋಡಲು. ಹಾಗಾದರೆ ಬೆಳಗ್ಗೆಯೇ ನೋಡಬಹುದಲ್ಲ ಎಂದರೆ, ಆಗುತ್ತಿರಲಿಲ್ಲ. ಅರೇಬಿಕಾದ ಬೆಲೆ ನಿಗದಿಯಾಗುವುದು ನ್ಯೂಯಾರ್ಕಿನಲ್ಲಿ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ. ಆಗ ನ್ಯೂಯಾರ್ಕಿನ ಪೇಟೆ ಏಳುವ ಹೊತ್ತಿಗೆ ನಮಗೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. 2001ರಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿದಿತ್ತು. ಆ ಹೊಡೆತದಿಂದ ಮಲೆನಾಡಿನ ತೋಟಗಳು ಇನ್ನೂ ಎದ್ದಿರಲಿಲ್ಲ. ಗೋಡೌನಿನಲ್ಲಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಇಟ್ಟುಕೊಂಡು, ಇವತ್ತು ಕೊಡಲೋ ವಾರ ಕಾಯಲೋ ಎಂದು ಲೆಕ್ಕ ಹಾಕುವವರಿಗೆ ರಾತ್ರಿಯ ಆ ಒಂದು ಪುಟ ಬಹಳ ಮುಖ್ಯವಾಗಿತ್ತು.

ನನಗಿಂತ ಮುಂಚೆ ಮೂವರು ನೋಡಿ ಹೋಗಿದ್ದರು. ಒಬ್ಬರು ವಿಂಡೋಸ್ ಹೊಸದಾಗಿ ಹಾಕಿದ್ದರು. ಇನ್ನೊಬ್ಬರು ಮೋಡೆಮ್ ಕಾರ್ಡ್ ಬದಲಿಸಿದ್ದರು. ಮೂರನೆಯವರು, ರಾತ್ರಿ ಎಲ್ಲರೂ ನೆಟ್ ಹಾಕುತ್ತಾರೆ, ಜಾಮ್ ಆಗುತ್ತದೆ ಎಂದು ಸಮಾಧಾನ ಹೇಳಿದ್ದರು. ಮೂವರೂ ಬಂದದ್ದು ಹಗಲಿನಲ್ಲಿ. ಅವರ ಎದುರು ಸಂಪರ್ಕ ಸಲೀಸಾಗಿ ಸಿಕ್ಕಿತ್ತು, ಚಾ ಕುಡಿದು ಹೋಗಿದ್ದರು.

ಜಾಮ್ ಎಂಬ ವಿವರಣೆ ನನಗೆ ಒಪ್ಪಿಗೆಯಾಗಲಿಲ್ಲ. ಜಾಮ್ ಆದರೆ ಎಂಗೇಜ್ ಟೋನ್ ಬರಬೇಕು, ಇಲ್ಲವೇ ಸಂಪರ್ಕ ಸಿಕ್ಕ ಮೇಲೆ ಪುಟ ನಿಧಾನ ತೆರೆಯಬೇಕು. ಇಲ್ಲಿ ಕರೆ ಹೋಗುತ್ತಿತ್ತು, ಆಚೆಯ ಮೋಡೆಮ್ ಎತ್ತುತ್ತಿತ್ತು, ಇಬ್ಬರೂ ಪರಿಚಯ ಮಾಡಿಕೊಳ್ಳುವ ಹೊತ್ತಿನಲ್ಲೇ ಕೆಡುತ್ತಿತ್ತು. ಆ ಪರಿಚಯದ ಅರ್ಧ ನಿಮಿಷವನ್ನು ಕಿವಿಯಿಂದ ಕೇಳದೆ ಏನೂ ಹೇಳಲಾಗದು ಎನಿಸಿತು. ಶನಿವಾರ ಸಂಜೆ ನನ್ನ ಹೊರಗಿನ ಮೋಡೆಮ್, ಒಂದು ಮಲ್ಟಿಮೀಟರ್, ಒಂದು ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ ಚೀಲಕ್ಕೆ ಹಾಕಿಕೊಂಡು, ರಾತ್ರಿ ಅಲ್ಲೇ ಉಳಿಯುತ್ತೇನೆಂದು ಹೇಳಿ ಹೊರಟೆ.

ಆ ಅರ್ಧ ನಿಮಿಷದಲ್ಲಿ ನಡೆಯುವುದು

ಡಯಲ್-ಅಪ್ ಬಳಸಿದವರಿಗೆಲ್ಲ ಆ ಕಿರುಚಾಟ ನೆನಪಿರುತ್ತದೆ. ಅದನ್ನು ಬರೀ ಗದ್ದಲವೆಂದು ತಿಳಿದು ಸ್ಪೀಕರ್ ಬಂದ್ ಮಾಡಿಸಿಕೊಂಡವರೇ ಹೆಚ್ಚು. ಅದರಲ್ಲಿ ಒಂದು ಚೂರೂ ಗದ್ದಲವಿಲ್ಲ. ಅದು ಎರಡು ಯಂತ್ರಗಳ ಸಂಭಾಷಣೆ, ಕಿವಿ ಕೊಟ್ಟರೆ ನಮಗೂ ಅರ್ಥವಾಗುವಂಥದು.

ಮೊದಲು ತಂತಿಯ ಮಿತಿ ತಿಳಿದಿರಬೇಕು. ಟೆಲಿಫೋನ್ ಲೈನು ಮನುಷ್ಯನ ದನಿಗೆಂದು ಕಟ್ಟಿದ್ದು. ಸುಮಾರು 300 ಹರ್ಟ್ಸ್‌ನಿಂದ 3400 ಹರ್ಟ್ಸ್‌ವರೆಗಿನ ಸ್ವರ ಮಾತ್ರ ಅದರಲ್ಲಿ ನೆಟ್ಟಗೆ ಹೋಗುತ್ತದೆ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ಕಿಂಡಿಯಲ್ಲಿ ತೂರುವಂಥ ಸ್ವರವಾಗಿ ಮಾಡುವುದು, ಬಂದ ಸ್ವರವನ್ನು ಮತ್ತೆ ಸೊನ್ನೆ-ಒಂದು ಮಾಡುವುದು ಮೋಡೆಮ್‌ನ ಕೆಲಸ. ಹಳೆಯ, ಸೆಕೆಂಡಿಗೆ 300 ಬಿಟ್ (ಸೊನ್ನೆ-ಒಂದು) ಕಳಿಸುವ ವಿ.21 ಪದ್ಧತಿಯಲ್ಲಿ ಇದು ತೀರ ಸರಳ. ಕರೆ ಮಾಡಿದವನು 980 ಹರ್ಟ್ಸ್ ಊದಿದರೆ ಒಂದು, 1180 ಊದಿದರೆ ಸೊನ್ನೆ. ಎತ್ತಿಕೊಂಡವನು 1650 ಮತ್ತು 1850 ಬಳಸುತ್ತಾನೆ. ಇಬ್ಬರ ಸ್ವರಗಳೂ ಬೇರೆ ಬೇರೆ, ಹಾಗಾಗಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಆಮೇಲೆ ಎಷ್ಟೇ ವೇಗದ ಮೋಡೆಮ್ ಬಂದರೂ ಮೊದಲ ಮಾತು ಇಂದಿಗೂ ಈ ಹಳೇ ಭಾಷೆಯಲ್ಲೇ ಆಗುವುದು ನನಗೆ ಬಹಳ ಇಷ್ಟವಾದ ಸಂಗತಿ.

ಆ ರಾತ್ರಿ ಏಳೂ ನಲವತ್ತಕ್ಕೆ ಮೊದಲ ಸಲ ಡಯಲ್ ಮಾಡಿದೆ. ಸ್ಪೀಕರ್ ಕೊನೆತನಕ ಕೇಳುತ್ತಲೇ ಇರಲಿ ಎಂದು 'ಎಟಿ ಎಂ2' ಎಂಬ ಆಜ್ಞೆ ಕೊಟ್ಟಿದ್ದೆ. ಸಾಧಾರಣವಾಗಿ ಸಂಪರ್ಕ ಸಿಕ್ಕ ಕೂಡಲೇ ಸ್ಪೀಕರ್ ಮುಚ್ಚಿಕೊಳ್ಳುತ್ತದೆ.

ಅಂಕಿಗಳು ಒತ್ತಿದ ಸದ್ದಾದ ಮೇಲೆ ಆಚೆಯಿಂದ ಮೊದಲು ಬರುವುದು ಒಂದು ನೀಳ ಸಿಳ್ಳೆ, 2100 ಹರ್ಟ್ಸ್. ಕಿವಿಗೊಟ್ಟು ಕೇಳಿದರೆ ಅದು ಅರ್ಧ ಸೆಕೆಂಡಿಗೊಮ್ಮೆ ಸಣ್ಣಗೆ ಮುಗ್ಗರಿಸಿದಂತೆ ಕೇಳುತ್ತದೆ. ಪ್ರತಿ 450 ಮಿಲಿಸೆಕೆಂಡಿಗೆ ಅಲೆಯನ್ನು ತಲೆಕೆಳಗು ಮಾಡುತ್ತಾರೆ, ಅದೇ ಮುಗ್ಗರಿಕೆ. ದೂರದ ಕರೆಗಳಲ್ಲಿ ಮಾತಿನ ಪ್ರತಿಧ್ವನಿ ಅಳಿಸಲೆಂದು ದಾರಿಯಲ್ಲಿ ಯಂತ್ರಗಳಿರುತ್ತವೆ. ಮನುಷ್ಯರಿಗೆ ಅವು ಉಪಕಾರ, ಮೋಡೆಮ್‌ಗೆ ಅಡ್ಡಿ. ಈ ಸಿಳ್ಳೆ ಕೇಳಿದರೆ ಅವು ಪಕ್ಕಕ್ಕೆ ಸರಿಯುತ್ತವೆ. ಜೊತೆಗೇ ಸಿಳ್ಳೆಯ ಮೇಲೆ 15 ಹರ್ಟ್ಸ್‌ನ ಒಂದು ನಡುಕ ಕೂಡ ಇರುತ್ತದೆ: "ನಾನು ಹೊಸ ಭಾಷೆ ಬಲ್ಲವನು" ಎಂಬ ಸೂಚನೆ ಅದು.

ಆಗ ನಮ್ಮ ಕಡೆಯ ಮೋಡೆಮ್ ಆ ಹಳೇ ವಿ.21 ಸ್ವರದಲ್ಲಿ ತನಗೆ ಬರುವ ಪದ್ಧತಿಗಳ ಪಟ್ಟಿ ಒಪ್ಪಿಸುತ್ತದೆ. ಆಚೆಯದು ಇಬ್ಬರಿಗೂ ಬರುವ ಪದ್ಧತಿಗಳನ್ನು ಹೇಳುತ್ತದೆ. ಈ ಗಿಲಕಿಯಂಥ ಸದ್ದು ಮುಗಿದ ಮೇಲೆ ಅಳತೆಯ ಘಟ್ಟ. 1200 ಮತ್ತು 2400 ಹರ್ಟ್ಸ್‌ನ ಎರಡು ಸ್ವರ ಹಿಡಿದು, ಒಬ್ಬರು ಅಲೆಯನ್ನು ತಿರುಗಿಸಿದರೆ ಇನ್ನೊಬ್ಬರು ತಿರುಗಿಸಿ ಉತ್ತರ ಕೊಡುತ್ತಾರೆ. ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ಇದರಿಂದ ತಿಳಿಯುತ್ತದೆ. ನಮ್ಮ ಹಾಸನದಲ್ಲೇ 1982ರಿಂದ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದವರು 36,000 ಕಿಲೋಮೀಟರ್ ಮೇಲಿನ ಉಪಗ್ರಹದ ದೂರ ಅಳೆಯುವುದಕ್ಕೂ ಮೂಲ ಉಪಾಯ ಇಂಥದೇ, ಕಳಿಸಿದ ಸ್ವರ ಮರಳಿ ಬರಲು ತಗಲುವ ಹೊತ್ತು ನೋಡುವುದು.

ನಂತರ ಬರುವುದು 'ಟ್ವಾಂಯ್' ಎನ್ನುವ ಒಂದು ಗಡುಸು ನಾದ. ಹಲಸಿನ ಹಣ್ಣು ಬಲಿತಿದೆಯೋ ಇಲ್ಲವೋ ಎಂದು ಬಡಿದು ನೋಡುತ್ತೇವಲ್ಲ, ಮೋಡೆಮ್ ಲೈನನ್ನು ಹಾಗೆ ಬಡಿದು ನೋಡುತ್ತದೆ. 150 ಹರ್ಟ್ಸ್‌ನಿಂದ 3750 ಹರ್ಟ್ಸ್‌ವರೆಗೆ 21 ಸ್ವರಗಳನ್ನು ಒಂದೇ ಏಟಿಗೆ ಬಾರಿಸುತ್ತದೆ. ಆಚೆ ತಲುಪಿದಾಗ ಯಾವ ಸ್ವರ ಎಷ್ಟು ಸೊರಗಿದೆ, ಹಿನ್ನೆಲೆಯಲ್ಲಿ ಎಷ್ಟು ಗದ್ದಲವಿದೆ ಎಂದು ಆಚೆಯದು ಅಳೆದುಕೊಳ್ಳುತ್ತದೆ. ಈ ಲೈನಿನ ಯೋಗ್ಯತೆ ನಿರ್ಧಾರವಾಗುವುದು ಬಹುಪಾಲು ಇಲ್ಲೇ.

ಕೊನೆಗೆ 'ಹುಷ್' ಎನ್ನುವ ಮಳೆಯಂಥ ಸದ್ದು. ಇಬ್ಬರೂ ಮೊದಲೇ ಗೊತ್ತಿರುವ ಪಾಠವನ್ನು ಒಪ್ಪಿಸುತ್ತಾರೆ. ಕೇಳಿಸಿದ್ದಕ್ಕೂ ಗೊತ್ತಿದ್ದ ಪಾಠಕ್ಕೂ ಇರುವ ವ್ಯತ್ಯಾಸದಿಂದ ಲೈನು ಮಾಡುವ ಓರೆಕೋರೆ ತಿಳಿದು, ಅದನ್ನು ತಿದ್ದಿಕೊಳ್ಳುತ್ತಾರೆ. ತನ್ನ ದನಿಯೇ ತನಗೆ ಮರಳಿ ಕೇಳುವುದನ್ನು, ಖಾಲಿ ಗೋಡೌನಿನಲ್ಲಿ ಕೂಗಿದಾಗ ಆಗುವಂಥದ್ದನ್ನು, ಲೆಕ್ಕ ಹಾಕಿ ಕಳೆದುಹಾಕುವುದನ್ನೂ ಇಲ್ಲೇ ಕಲಿಯುತ್ತಾರೆ. ವೇಗದ ಮೋಡೆಮ್‌ಗಳಲ್ಲಿ ಇಬ್ಬರೂ ಒಂದೇ ಸ್ವರವಲಯದಲ್ಲಿ ಏಕಕಾಲಕ್ಕೆ ಮಾತಾಡುತ್ತಾರಾದ್ದರಿಂದ ಈ ಪಾಠ ಕೆಟ್ಟರೆ ಎಲ್ಲ ಕೆಟ್ಟಂತೆ.

ಈ ಮನೆಯಲ್ಲಿ ಹಗಲು ಸಿಗುತ್ತಿದ್ದ ವೇಗ ಸೆಕೆಂಡಿಗೆ 42,666 ಬಿಟ್. ವಿಚಿತ್ರ ಸಂಖ್ಯೆ, ಆದರೆ ಕಾರಣವಿದೆ. ಡಿಜಿಟಲ್ ಎಕ್ಸ್‌ಚೇಂಜು ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಒಂದೊಂದು ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. 1998ರ ವಿ.90 ಪದ್ಧತಿ ಆ ಅಳತೆಗಳನ್ನು ಆರಾರರ ಕಟ್ಟು ಮಾಡಿಕೊಳ್ಳುತ್ತದೆ. ಹಾಗಾಗಿ ಅದರ ವೇಗ 8000ದ ಆರನೇ ಒಂದು ಪಾಲಿನ, ಅಂದರೆ 1333 ಚಿಲ್ಲರೆ ಬಿಟ್‌ಗಳ, ಮೆಟ್ಟಿಲಲ್ಲಿ ಹತ್ತುತ್ತದೆ, ಇಳಿಯುತ್ತದೆ. 42,666 ಎಂದರೆ 32ನೇ ಮೆಟ್ಟಿಲು. ಎರಡೂ ಕಡೆ ಸ್ವರವನ್ನೇ ಬಳಸುವ, ಅದಕ್ಕೂ ಮುಂಚಿನ ವಿ.34 ಪದ್ಧತಿಗೆ 33,600ರ ಮೇಲೆ ಹೋಗಲಾಗದು. ಸಾಧಾರಣ ಲೈನಿನ ಅಗಲ ಮತ್ತು ಗದ್ದಲವನ್ನು ಒಂದು ತಂತಿಯಲ್ಲಿ ಹೆಚ್ಚೆಂದರೆ ಎಷ್ಟು ಮಾಹಿತಿ ಸಾಗೀತು ಎಂದು ಹೇಳುವ 1948ರ ಶ್ಯಾನನ್ ಸೂತ್ರಕ್ಕೆ ಹಾಕಿದರೆ ಬರುವ ಗಡಿಯೇ ಅದರ ಆಸುಪಾಸಿನಲ್ಲಿದೆ. ವಿ.90 ಆಚೆ ಬದಿಯನ್ನು ನೇರ ಡಿಜಿಟಲ್ ಆಗಿ ಜೋಡಿಸಿ, ದಾರಿಯಲ್ಲಿನ ಒಂದು ಪರಿವರ್ತನೆಯನ್ನೇ ತೆಗೆದುಹಾಕಿ ಮುಂದೆ ಹೋಯಿತು. ಅಂಥ ಕಾಡಂಚಿನ ತೋಟದಲ್ಲೂ ಇದು ಸಾಧ್ಯವಾದದ್ದು ಹಳ್ಳಿಗಳಿಗೆ ಡಿಜಿಟಲ್ ಎಕ್ಸ್‌ಚೇಂಜು ಬಂದಿದ್ದರಿಂದ. ಏರ್ ಕಂಡೀಷನ್ ಇಲ್ಲದೆ ಧೂಳು-ಸೆಕೆ ತಡೆಯುವ 128 ಲೈನಿನ, ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ನೆಲೆಯೂರಿದ್ದು ನಮ್ಮ ಕಿತ್ತೂರಿನಲ್ಲಿ.

ಟಿಕ್

ಆ ರಾತ್ರಿಯ ನನ್ನ ಪುಸ್ತಕದಲ್ಲಿ ಹೀಗಿದೆ. 7:40, ನೋ ಕ್ಯಾರಿಯರ್, ಅಂದರೆ ಸಂಪರ್ಕ ಕೂಡಲಿಲ್ಲ. 7:43, ಕನೆಕ್ಟ್ 21,600, ಎರಡು ನಿಮಿಷಕ್ಕೆ ಕಡಿಯಿತು. 7:48, ನೋ ಕ್ಯಾರಿಯರ್. 7:52, ಕನೆಕ್ಟ್ 9,600, ನಾಲ್ಕು ನಿಮಿಷ.

ಮೂರನೇ ಸಲ ಕೇಳುವಾಗ ಕಿವಿಗೆ ಸಿಕ್ಕಿತು. ನೀಳ ಸಿಳ್ಳೆಯ ಮೇಲೆ, ಅದರ ಸ್ವಂತ ಮುಗ್ಗರಿಕೆಗಿಂತ ಬೇರೆಯಾಗಿ, ಒಂದು ಸಣ್ಣ ಟಿಕ್. ಸ್ವಲ್ಪ ತಡೆದು ಇನ್ನೊಂದು. ಮಳೆಯಂಥ ಸದ್ದಿನ ನಡುವೆಯೂ ಅದೇ. ಮೋಡೆಮ್ ಬಿಚ್ಚಿ ಮಾಮೂಲಿ ಫೋನ್ ಎತ್ತಿ, ಡಯಲ್ ಟೋನ್ ನಿಲ್ಲಲೆಂದು ಒಂದೇ ಅಂಕಿ ಒತ್ತಿ ಕಿವಿಗಿಟ್ಟುಕೊಂಡೆ. ಟಿಕ್… ಟಿಕ್… ಟಿಕ್. ಆ ಮೌನ ಹೆಚ್ಚು ಹೊತ್ತು ಇರುವುದಿಲ್ಲ, ಎಕ್ಸ್‌ಚೇಂಜು ಮತ್ತೆ ಟೋನ್ ಹಾಕುತ್ತದೆ. ಎರಡು ಮೂರು ಸಲ ಹೀಗೆ ಮಾಡಿ ಕೈಗಡಿಯಾರ ನೋಡಿ ಎಣಿಸಿದೆ: ನಿಮಿಷಕ್ಕೆ 50ರ ಲೆಕ್ಕ.

ಅಷ್ಟರಲ್ಲಿ ಮನೆಯೊಡತಿ ಊಟಕ್ಕೆ ಕರೆಯಲು ಬಂದವರು, "ಹೌದಲ್ಲ, ರಾತ್ರಿ ಹೊತ್ತು ಫೋನೊಳಗೆ ಗಡಿಯಾರ ಇಟ್ಟ ಹಾಗೆ ಕೇಳ್ತದೆ. ಮಳೆ ಹಿಡಿದಾಗಿಂದ ಹೇಳ್ತಾನೇ ಇದೀನಿ" ಎಂದರು. ಬಂದ ಮೂವರಲ್ಲಿ ಒಬ್ಬರೂ ಅವರನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಫೋನಿನಲ್ಲಿ ದಿನಾ ಮಾತಾಡುವವರು ಆ ಮನೆಯಲ್ಲಿ ಅವರೇ.

ನಿಮಿಷಕ್ಕೆ 50 ಸಲ, ಕತ್ತಲಾದ ಮೇಲೆ ಮಾತ್ರ, ಮಳೆಗಾಲದಲ್ಲಿ ಮಾತ್ರ. ಅಡಿಗೆಮನೆಯ ಹಿಂದಿನ ಚಪ್ಪರಕ್ಕೆ ಹೋಗಿ ನಿಂತೆ. ಗೋಡೆಗೆ ಹಾಕಿದ್ದ ಒಂದು ಡಬ್ಬಿ ತನ್ನ ಪಾಡಿಗೆ ಟಿಕ್, ಟಿಕ್ ಎನ್ನುತ್ತಿತ್ತು. ಆನೆಗೆಂದು ಹಾಕಿಸಿದ ಸೋಲಾರ್ ಬೇಲಿಯ ಎನರ್ಜೈಸರ್.

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಊರಿನವರಿಗಾಗಿ ಎರಡು ಮಾತು. ಹಗಲು ಬಿಸಿಲಿನಿಂದ 12 ವೋಲ್ಟ್‌ನ ಬ್ಯಾಟರಿ ತುಂಬುತ್ತದೆ. ರಾತ್ರಿ ಅದೇ ಬ್ಯಾಟರಿಯಿಂದ ಈ ಡಬ್ಬಿ ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಒಂದೊಂದು ಮಿಡಿತವನ್ನು ಬೇಲಿ ತಂತಿಗೆ ಬಿಡುತ್ತದೆ. ವೋಲ್ಟೇಜು ಸಾವಿರಗಟ್ಟಲೆ, ಆದರೆ ಮಿಡಿತದ ಅವಧಿ ಕಣ್ಣು ಮಿಟುಕುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಮುಟ್ಟಿದ ಆನೆಗೆ ಜುಮ್ಮೆಂದು ಹೊಡೆಯುತ್ತದೆ, ಕೊಲ್ಲುವುದಿಲ್ಲ. ಲೈನ್ ಕರೆಂಟನ್ನೇ ನೇರ ಬೇಲಿಗೆ ಕೊಡುವುದು ಬೇರೆ ವಿಷಯ. ಅದು ಆನೆಯನ್ನೂ ಮನುಷ್ಯರನ್ನೂ ಕೊಲ್ಲುತ್ತದೆ, ಅದು ಅಪರಾಧ. ಇವರ ಮನೆಯದು ಮಿಡಿತದ ಬೇಲಿ. ಹಿಂದಿನ ಡಿಸೆಂಬರಿನಲ್ಲಿ ಹಾಕಿಸಿದ್ದು. ಡಿಸೆಂಬರಿನಿಂದ ಮೇವರೆಗೆ ರಾತ್ರಿ ಇಂಟರ್‌ನೆಟ್ ಸರಿಯಾಗಿಯೇ ನಡೆದಿತ್ತು. ಅದಕ್ಕೇ ಯಾರಿಗೂ ಬೇಲಿಯ ಮೇಲೆ ಅನುಮಾನ ಬಂದಿರಲಿಲ್ಲ.

ಅನುಮಾನ ಸಾಕಾಗದು, ಬೇಲಿ ಆರಿಸಿ ನೋಡಬೇಕು. ಗೌಡರು ಒಪ್ಪಲು ಹೊತ್ತು ಹಿಡಿಯಿತು. ಹಿಂದಿನ ರಾತ್ರಿ ಪಕ್ಕದ ತೋಟಕ್ಕೆ ನಾಲ್ಕು ಆನೆ ಬಂದು ಬಾಳೆ ಮುರಿದು ಹೋಗಿದ್ದವು. ಕೊನೆಗೆ ತೋಟದ ಕೂಲಿಯವರ ಲೈನ್ ಮನೆಯಿಂದ ಇಬ್ಬರನ್ನು ಕರೆಸಿ, ಟಾರ್ಚು-ಪಟಾಕಿ ಕೊಟ್ಟು ಗೇಟಿನ ಹತ್ತಿರ ನಿಲ್ಲಿಸಿ, "ಹತ್ತು ನಿಮಿಷ, ಅಷ್ಟೇ" ಅಂದರು. ಬೇಲಿ ಆರಿತು. ಡಯಲ್ ಮಾಡಿದೆ. ಸಿಳ್ಳೆ ನೂಲಿನಂತೆ ಬಂತು, ಗಿಲಕಿ, ಟ್ವಾಂಯ್, ಮಳೆ. ಕನೆಕ್ಟ್ 42,666.

ಸಂಪರ್ಕ ಇರುವಾಗಲೇ ಬೇಲಿ ಹಾಕಿ ಎಂದು ಕೂಗಿದೆ. ಇದು ನನಗೆ ಬಹಳ ಕಲಿಸಿದ ನಿಮಿಷ. ಸ್ಪೀಕರಿನಲ್ಲಿ ಮಳೆಯ ಸದ್ದು ಒಂದೇ ಸಮ ಬರುತ್ತಿತ್ತು, ಅದರೊಳಗೆ ಟಿಕ್ ಶುರುವಾಯಿತು. ಒಂದು, ಎರಡು, ಮೂರು… ಏಳನೇ ಟಿಕ್‌ಗೆ ಮಳೆ ತಟ್ಟನೆ ನಿಂತು ಮತ್ತೆ ಸಿಳ್ಳೆಗಳು ಬಂದವು. ಮೋಡೆಮ್‌ಗಳು "ತಡಿ, ಲೈನು ಬದಲಾಗಿದೆ, ಮೊದಲಿಂದ ಪಾಠ ಮಾಡೋಣ" ಎಂದು ಹೊರಟಿದ್ದವು. ಇದನ್ನು ರೀಟ್ರೇನ್ ಎನ್ನುತ್ತಾರೆ. ಆ ಮರುಪಾಠದ ಮೇಲೂ ಟಿಕ್ ಬಿದ್ದಿತು. ಮೂರನೇ ಮರುಪಾಠಕ್ಕೆ ಮೋಡೆಮ್‌ನ ದೀಪ ಆರಿತು, ನೋ ಕ್ಯಾರಿಯರ್.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಒಂದು ಟಿಕ್ ಲೈನಿನಲ್ಲಿ 5 ಮಿಲಿಸೆಕೆಂಡು ಅನುರಣಿಸಿತು ಎಂದುಕೊಳ್ಳೋಣ. 33,600ರ ವೇಗದಲ್ಲಿ ಅಷ್ಟರಲ್ಲಿ ಹಾಳಾಗುವುದು 168 ಬಿಟ್. ವಿ.42 ಎಂಬ ತಪ್ಪು ತಿದ್ದುವ ಪದ್ಧತಿಯಲ್ಲಿ ಮಾಹಿತಿ 128 ಬೈಟ್‌ಗಳ ಮೂಟೆಗಳಾಗಿ ಹೋಗುತ್ತದೆ. ಒಂದು ಮೂಟೆ ಕೆಟ್ಟರೆ ಅದನ್ನೇ ಮತ್ತೆ ಕಳಿಸುತ್ತಾರೆ. ಎರಡು ಟಿಕ್‌ಗಳ ನಡುವಿನ 1.2 ಸೆಕೆಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ಮೂಟೆ ದಾಟುತ್ತವೆ. ಅದರಲ್ಲಿ ಒಂದೋ ಎರಡೋ ಮರಳಿ ಕಳಿಸುವುದು ದೊಡ್ಡ ನಷ್ಟವಲ್ಲ. ಅಂದರೆ ಮಾತು ನಡೆಯುವಾಗ ಟಿಕ್ ಹಾಳುಮಾಡುತ್ತಿದ್ದ ಮಾಹಿತಿ ಅಷ್ಟೊಂದಿಲ್ಲ. ಕೆಡಿಸಿದ್ದು ಪರಿಚಯವನ್ನು, ಸಂಪರ್ಕದ ನಡುವೆ ಶುರುವಾಗುವ ಮರುಪಾಠವನ್ನು. ಅರ್ಧ ನಿಮಿಷದ ಪರಿಚಯದಲ್ಲಿ ಇಪ್ಪತ್ತಕ್ಕೂ ಮೇಲೆ ಟಿಕ್ ಬೀಳುತ್ತವೆ. ಹಲಸಿನ ಹಣ್ಣು ಬಡಿದು ನೋಡುವ ಆ ಅರೆಗಳಿಗೆಯಲ್ಲಿ ಒಂದು ಬಿದ್ದರೆ, ಲೈನು ಪೂರ್ತಿ ಗದ್ದಲವೆಂದು ಮೋಡೆಮ್ ತಿಳಿದು 9,600ಕ್ಕೆ ಇಳಿಯುತ್ತದೆ. ಪ್ರತಿಧ್ವನಿಯ ಪಾಠದಲ್ಲಿ ಬಿದ್ದರೆ ತಪ್ಪು ಪಾಠ ಕಲಿತು ಮುಂದೆ ಎಡವುತ್ತದೆ. ಒಂದೇ ಲೈನು ಒಂದೇ ರಾತ್ರಿ 21,600, 9,600, ಸೊನ್ನೆ ಎಂದು ಬೇರೆ ಬೇರೆ ಉತ್ತರ ಕೊಟ್ಟದ್ದು ಹೀಗೆ, ಟಿಕ್ ಯಾವ ಘಟ್ಟದ ಮೇಲೆ ಬಿತ್ತು ಎನ್ನುವುದರ ಮೇಲೆ.

ಅಂದಿನ ರಾತ್ರಿಗೊಂದು ಉಪಾಯ ಬೇಕಿತ್ತು. ವೇಗದ ಪದ್ಧತಿಗಳ ಆಸೆಯನ್ನೇ ಬಿಡಿಸಿ, ವಿ.32 ಬಿಸ್‌ನಲ್ಲಿ 14,400ಕ್ಕೆ ಮೋಡೆಮ್ ಅನ್ನು ಕಟ್ಟಿಹಾಕಿದೆ. ಮೋಡೆಮ್ ಪ್ರತಿ ಗಳಿಗೆ ಕಳಿಸುವ ಸ್ವರದ ಬಲ ಮತ್ತು ಹಂತವನ್ನು ಕಾಗದದ ಮೇಲೆ ಗುರುತಿಸಿದರೆ ರಂಗೋಲಿಯ ಚುಕ್ಕಿಗಳಂತೆ ಕಾಣುತ್ತದೆ. 14,400ರಲ್ಲಿ 128 ಚುಕ್ಕಿ. ವಿ.34ರ ಮೇಲಿನ ವೇಗಗಳಲ್ಲಿ ಅದೇ ಅಂಗಳದಲ್ಲಿ ಸಾವಿರಕ್ಕೂ ಹೆಚ್ಚು. ಚುಕ್ಕಿಗಳು ದೂರ ದೂರ ಇದ್ದರೆ ಸಣ್ಣ ಅಲುಗಾಟಕ್ಕೆ ಒಂದನ್ನು ಇನ್ನೊಂದೆಂದು ತಿಳಿಯುವ ಭಯ ಕಡಿಮೆ. ಇದರ ಪರಿಚಯದ ಹೊತ್ತೂ ಚಿಕ್ಕದು, ಅದರೊಳಗೆ ಬೀಳುವ ಟಿಕ್‌ಗಳೂ ಕಡಿಮೆ. ಎರಡನೇ ಪ್ರಯತ್ನಕ್ಕೆ ಸಿಕ್ಕಿ ಇಪ್ಪತ್ತು ನಿಮಿಷ ನಿಂತಿತು. ಚಿತ್ರ ಬರದಂತೆ ಮಾಡಿ, ಬೆಲೆಯ ಪುಟವೊಂದನ್ನೇ ತೆರೆದು ಗೌಡರು ನ್ಯೂಯಾರ್ಕ್ ದರ ಬರೆದುಕೊಂಡರು. ಆಮೇಲೆ ಊಟ.

ಹಗಲು ತಂತಿಯ ಜೊತೆ ನಡೆದದ್ದು

ಬೇಲಿ ಡಿಸೆಂಬರಿನಿಂದ ಇದೆ, ತೊಂದರೆ ಜೂನಿನಿಂದ. ಹಾಗಾದರೆ ಮಳೆ ಏನನ್ನು ಬದಲಿಸಿತು? ಮಾರನೇ ಬೆಳಗ್ಗೆ ಪರಿಚಯದ ಲೈನ್‌ಮನ್ ಒಬ್ಬರು ಜೊತೆಗೆ ಬಂದರು. ಜಿಗಣೆಗೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಇಬ್ಬರೂ ಎರಡೂ ತಂತಿಗಳ ಗುಂಟ ನಡೆದೆವು.

ಫೋನ್ ತಂತಿ ರಸ್ತೆಯಿಂದ ಮನೆಗೆ ಬರುವ ಕೊನೆಯ ಸುಮಾರು 400 ಮೀಟರ್ ಬೇಲಿಯ ಪಕ್ಕದಲ್ಲೇ, ಎರಡು ಮೂರು ಅಡಿ ಅಂತರದಲ್ಲಿ, ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಬಂದಿತ್ತು. ಬೇಲಿ ಹಾಕುವವರಿಗೆ ಸವರಿದ ಹಾದಿ ಸಿಕ್ಕಿದ್ದು ಫೋನ್ ತಂತಿಯ ಕೆಳಗೇ. ಬೇಲಿಯ ಕೆಳತಂತಿಗೆ ಲಂಟಾನ, ಜರಿಗಿಡ, ಕಾಡು ಕೆಸು ಎಲ್ಲ ಹಬ್ಬಿ ತಗುಲಿದ್ದವು. ಬೇಸಿಗೆಯಲ್ಲಿ ಒಣಗಿದ್ದವು ಈಗ ನೀರು ತುಂಬಿ ನಿಂತಿವೆ. ಪ್ರತಿ ಮಿಡಿತವೂ ಆ ಎಲೆಗಳ ಮೂಲಕ ನೆಲಕ್ಕೆ ಇಳಿದು, ನೆಲದೊಳಗಿಂದ ಎನರ್ಜೈಸರಿನ ಅರ್ತಿಗೆ (ಅರ್ಥಿಂಗ್) ಮರಳುತ್ತದೆ. ಆ ಅರ್ತಿಯೋ, ಒಂದೂವರೆ ಅಡಿ ಹೂತ ಒಂದು ಕಬ್ಬಿಣದ ಸರಳು. ಅದರಿಂದ ನಾಲ್ಕು ಅಡಿಯಲ್ಲೇ ಫೋನಿಗೆ ಸಿಡಿಲು ತಡೆಯಲೆಂದು ಹಾಕಿದ ಅರ್ತಿ. ಬೇಲಿಯ ಮಿಡಿತ ಒಂದಿಷ್ಟು ಫೋನಿನ ನೆಲಕ್ಕೂ ಹಂಚಿಹೋಗುತ್ತಿತ್ತು.

ಆದರೂ ಇಷ್ಟರಿಂದಲೇ ಟಿಕ್ ಅಷ್ಟು ಜೋರಾಗಿ ಕೇಳಬಾರದು. ಟೆಲಿಫೋನಿಗೆ ಜೋಡಿ ತಂತಿ ಏಕೆ ಎಂದರೆ, ಹೊರಗಿನ ಹೊಡೆತ ಎರಡೂ ತಂತಿಗೆ ಒಂದೇ ಸಮ ಬೀಳುತ್ತದೆ, ಫೋನು ಕೇಳುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಇಬ್ಬರೂ ಒಟ್ಟಿಗೆ ಒಂದು ಮೆಟ್ಟಿಲು ಹತ್ತಿದರೆ ಇಬ್ಬರ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲವಲ್ಲ. ಒಂದು ತಂತಿ ಎಲ್ಲೋ ನೆಲಕ್ಕೆ ಸೋರುತ್ತಿದ್ದರೆ ಆ ಸಮತೋಲ ಹೋಗುತ್ತದೆ. ಸೋರಿಕೆ ಇದೆ ಎಂದು ನನಗೆ ಖಾತ್ರಿಯಿತ್ತು, ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಲೈನ್‌ಮನ್ ಎಕ್ಸ್‌ಚೇಂಜಿಗೆ ಹೇಳಿ ಆ ಜೋಡಿಯನ್ನು ಅತ್ತ ಕಡೆ ಬಿಡಿಸಿದರು. ಅಲ್ಲಿಂದ ಬರುವ 48 ವೋಲ್ಟ್ ಇರುವಾಗ ಮೀಟರ್ ಇಟ್ಟರೆ ಸುಳ್ಳು ಹೇಳುತ್ತದೆ. ಮನೆಯ ಕಡೆಯೂ ಬಿಚ್ಚಿ ಅಳೆದೆ. ಒಂದು ತಂತಿಗೂ ನೆಲಕ್ಕೂ ಮೀಟರ್ ಏನೂ ತೋರಿಸಲಿಲ್ಲ. ಇನ್ನೊಂದಕ್ಕೆ 38 ಕಿಲೋ ಓಮ್, ಅಂದರೆ ಅದೇ ನೆಲಕ್ಕೆ ಸೋರುತ್ತಿದ್ದ ತಂತಿ.

ಸಿಕ್ಕಿದ್ದು ಮನೆಯಿಂದ ಒಂಬತ್ತನೇ ಮರದಲ್ಲಿ. ಹಿಂದೆಂದೋ ಕೊಂಬೆ ಬಿದ್ದು ತಂತಿ ಕಡಿದಾಗ ಹಾಕಿದ ಜೋಡಣೆ. ಕೈಯಿಂದ ಹೊಸೆದು ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗಿಂದ ನೀರು ತೊಟ್ಟಿಕ್ಕಿತು. ಒಂದು ತಂತಿಯ ಹೊಸೆತ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತಿತ್ತು, ಅದರ ಮೇಲಿನ ಪಾಚಿ ಮರದ ತೊಗಟೆಗೆ ಅಂಟಿಕೊಂಡಿತ್ತು. ಪಕ್ಕದ ತಂತಿಯ ಹೊಸೆತ ಟೇಪಿನ ಇನ್ನೊಂದು ಪದರದಲ್ಲಿದ್ದು ಒಣಗಿಯೇ ಇತ್ತು. ಬೇಸಿಗೆಯಲ್ಲಿ ಅಳೆದಿದ್ದರೆ ಎರಡೂ ಒಳ್ಳೆಯವೇ.

ಹೀಗೆ ಎರಡು ದೌರ್ಬಲ್ಯಗಳು ಒಂದೇ ಮಳೆಗೆ ಎದ್ದು ಕೂಡಿಕೊಂಡಿದ್ದವು. ಬೇಲಿಯೊಂದೇ ಆಗಿದ್ದರೆ ಸಮತೋಲದ ಜೋಡಿ ತಡೆಯುತ್ತಿತ್ತು. ಸೋರಿಕೆಯೊಂದೇ ಆಗಿದ್ದರೆ ಮಾತಿನಲ್ಲಿ ಒಂದಿಷ್ಟು ಕರಕರ ಇರುತ್ತಿತ್ತು, ಹಗಲು-ರಾತ್ರಿ ಭೇದವಿಲ್ಲದೆ.

ರಿಪೇರಿಯನ್ನು ಬೇಕೆಂದೇ ಒಂದೊಂದಾಗಿ ಮಾಡಿ ಒಂದೊಂದು ರಾತ್ರಿ ನೋಡಿದೆವು. ಮೊದಲು ಬೇಲಿಯ ಅರ್ತಿ. ಆರಾರು ಅಡಿಯ ಮೂರು ಸರಳುಗಳನ್ನು ಗೊಬ್ಬರದ ಗುಂಡಿಯ ಕಡೆಯ ಒದ್ದೆ ನೆಲಕ್ಕೆ, ಫೋನಿನ ಅರ್ತಿಯಿಂದ 10 ಮೀಟರಿಗೂ ದೂರಕ್ಕೆ ಸಾಗಿಸಿ ಹೊಡೆಸಿದೆವು. ಟಿಕ್ ಸಣ್ಣದಾಯಿತು, ಹೋಗಲಿಲ್ಲ. ಎರಡನೇ ದಿನ ಲೈನ್‌ಮನ್ ಆ ಜೋಡಣೆ ಕತ್ತರಿಸಿ, ಜೆಲ್ ತುಂಬಿದ ಕನೆಕ್ಟರಿನಲ್ಲಿ ಹೊಸದು ಮಾಡಿದರು. ಅಂದು ರಾತ್ರಿ ಫೋನಿನಲ್ಲಿ ಎಷ್ಟು ಕಿವಿಯಿಟ್ಟರೂ ಟಿಕ್ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಗುಣ ಬಂದದ್ದು ಇದರಿಂದಲೇ. ಆದರೆ ಮೋಡೆಮ್‌ನ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಸಿಕ್ಕ ವೇಗ 36,000, ಗಂಟೆಗೆ ಮೂರು ನಾಲ್ಕು ಮರುಪಾಠ. ಆ ವಾರದ ಕೊನೆಗೆ ಗೌಡರು ಖರ್ಚು ಹಾಕಿ ಕಂಬ ನೆಡಿಸಿ, ಫೋನ್ ತಂತಿಯನ್ನು ಕಾಫಿ ಕಣದ ಆಚೆಯಿಂದ ತಂದರು. ಒಂದೇ ಕಡೆ, ಗೇಟಿನ ಹತ್ತಿರ, ಬೇಲಿಯನ್ನು ನೆಟ್ಟಗೆ ಅಡ್ಡ ದಾಟುವಂತೆ ಮಾಡಿದೆವು. ಉದ್ದಕ್ಕೆ ಜೊತೆ ಹೋಗುವ ತಂತಿಗೆ ಹತ್ತುವ ಹೊಡೆತ ಅಡ್ಡ ದಾಟುವ ತಂತಿಗೆ ಹತ್ತುವುದಿಲ್ಲ. 14,400ರ ಕಟ್ಟು ಬಿಚ್ಚಿದೆ. ರಾತ್ರಿ ಎಂಟಕ್ಕೆ, ಬೇಲಿ ಚಾಲೂ ಇರುವಾಗಲೇ, ಕನೆಕ್ಟ್ 41,333. ಹಗಲಿಗಿಂತ ಒಂದೇ ಮೆಟ್ಟಿಲು ಕೆಳಗೆ.

ಉಳಿದದ್ದು ಹಬ್ಬುವ ಗಿಡ. ಅದು ಮತ್ತೆ ಮತ್ತೆ ಬರುತ್ತದೆ, ಮಲೆನಾಡಿನಲ್ಲಿ ಹದಿನೈದು ದಿನ ಸಾಕು. ಬೇಲಿ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೆ ಕಾಣದ ಕಡೆ ಪತ್ತೆ ಹಚ್ಚುವುದನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿಕೊಟ್ಟೆ. ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ಗೆ ಹಾಕಿ, ಭದ್ರಾವತಿ ಕೇಂದ್ರದಿಂದ ಮುಳ್ಳನ್ನು ಸರಿಸಿ, ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ ನಿಲ್ಲಿಸಬೇಕು. ಸಂಜೆ ಬೇಲಿ ಹಾಕಿದ ಮೇಲೆ ಒಳಗಿನ ಕಾಲುಹಾದಿಯಲ್ಲಿ ರೇಡಿಯೋ ಹಿಡಿದು ನಡೆದರೆ, ಎಲೆ ತಗುಲಿ ಅಥವಾ ಇನ್ಸುಲೇಟರ್ ಬಿರಿದು ಕಿಡಿ ಹಾರುವ ಕಡೆ ಟಿಕ್ ಜೋರಾಗುತ್ತದೆ. ಅಲ್ಲಿ ಕಂಬಕ್ಕೆ ಸುಣ್ಣದ ಗುರುತು ಹಾಕಿ, ಬೆಳಗ್ಗೆ ಬೇಲಿ ಆರಿಸಿದ ಮೇಲೆ ಕತ್ತಿ ತೆಗೆದುಕೊಂಡು ಹೋಗಬೇಕು. ಮೊದಲ ಸಂಜೆಯೇ ರೈಟರು ಆರು ಕಂಬಕ್ಕೆ ಗುರುತು ಹಾಕಿದರು. ಅದರಲ್ಲಿ ಎರಡು ಕಡೆ ಇನ್ಸುಲೇಟರ್ ಬದಲು ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದು ಸಿಕ್ಕಿತು.

ಟ್ರಾನ್ಸಿಸ್ಟರನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಬಿಲ್ಲು ಬಂದಾಗ ಗೌಡರು ಅದನ್ನೂ ಅಂಗಡಿಗೆ ತಂದು ತೋರಿಸಿದರು. ಕರೆ ಎಣಿಕೆ ಮಳೆಗಾಲಕ್ಕೆ ಮುಂಚಿನ ಮಟ್ಟಕ್ಕೆ ಇಳಿದಿತ್ತು.